ಬಂಗಾರಪೇಟೆ ಆಫೀಸಿಗೆ ಫೋನು ಆರಿಸಿದ್ದು

ರಸ್ತೆ ಅಗಲ ಮಾಡುವವರು ಮತ್ತೊಮ್ಮೆ ಕೇಬಲ್ ಕಿತ್ತುಹಾಕಿದ ದಿನ ನಮ್ಮ ಓನರು ಆಫೀಸಿನ ಹಳೆಯ ಫೋನುಗಳಿಗೆ ದೊಡ್ಡ ನಮಸ್ಕಾರ ಹಾಕಿಬಿಟ್ಟರು. "ಇನ್ನು ಈ ತಂತಿ ಸಾವಾಸ ಬ್ಯಾಡ. ಇಂಟರ್‌ನೆಟ್ ಮೇಲೆ ಓಡೋ ಫೋನು ಆಕುಸ್ತೀನಿ," ಎಂದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ಮೇಜಿನ ಮೇಲೆ ಇಕ್ಕೋ ಸೆಟ್ಟು ಯಾವ್ದು ಬೇಕೂಂತ ನಾವೇ ಆರಿಸ್ಕಬೇಕಂತೆ. ದಿನಾ ಇಡ್ಕೊಂಡು ಕೂತ್ಕಳೋಳು ನೀನು. ನೀನೇ ಆರಿಸು," ಎಂದು ಹೇಳಿ ಹೋದರು.

ನಮ್ಮ ಆಫೀಸು ಬಂಗಾರಪೇಟೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಹಾಲು ಕರೆಯುವ ಮೆಷಿನ್ನು, ಮೇವು ಕತ್ತರಿಸುವ ಮೆಷಿನ್ನು ಮಾರುತ್ತೇವೆ. ಕೆಟ್ಟರೆ ಮನೆಗೇ ಹೋಗಿ ರಿಪೇರಿ ಮಾಡಿಕೊಡುತ್ತೇವೆ. ಮಾರುವುದು ಓನರ ಕೆಲಸ, ರಿಪೇರಿ ಮೆಕ್ಯಾನಿಕ್‌ಗಳ ಕೆಲಸ, ಲೆಕ್ಕಕ್ಕೆ ಒಬ್ಬ ಹುಡುಗಿ ಇದ್ದಾಳೆ. ಫೋನು ನನ್ನದು. ಹಾಲು ಕರೆಯುವ ಹೊತ್ತಿಗೆ ಮೆಷಿನ್ನು ನಿಂತುಬಿಟ್ಟರೆ ಮನೆಯಲ್ಲಿ ಏನಾಗುತ್ತದೆ ಎಂಬುದು ಹಸು ಸಾಕಿದವರಿಗೇ ಗೊತ್ತು. ಕೆಚ್ಚಲು ಬಿಗಿದು ಹಸು ಒದೆಯುತ್ತಿರುತ್ತದೆ, ಡೈರಿ ಮುಚ್ಚುವ ಹೊತ್ತಾಗುತ್ತಿರುತ್ತದೆ, ಕೈಯಲ್ಲಿ ಕರೆಯುವ ಅಭ್ಯಾಸ ಮನೆಯವರಿಗೆಲ್ಲ ತಪ್ಪಿಹೋಗಿರುತ್ತದೆ. ಆಗ ಅವರು ಫೋನು ಮಾಡುವುದು ನನಗೆ. ಕನ್ನಡವೋ ತೆಲುಗೋ ತಮಿಳೋ, ಅವರ ಬಾಯಿಗೆ ಬಂದ ಭಾಷೆಯಲ್ಲಿ ಬೈಸಿಕೊಂಡು, ಯಾವ ಊರು, ಯಾರ ಮನೆ, ಏನು ಕೆಟ್ಟಿದೆ ಎಂದು ತಿಳಿದು, ಆ ದಿಕ್ಕಿನಲ್ಲಿರುವ ಮೆಕ್ಯಾನಿಕ್ಕನ್ನು ಓಡಿಸುವುದು ನನ್ನ ಕೆಲಸ. ಓನರ ತಂದೆಯ ಕಾಲದಲ್ಲಿ ಸೇರಿದವಳು. ಉರಿಗಾಮಿನಿಂದ ಬೆಳಗಿನ ರೈಲು ಹಿಡಿದು ಬಂದು ಆ ಕುರ್ಚಿಯಲ್ಲಿ ಕೂತರೆ ಸಂಜೆಯವರೆಗೆ ಅಲ್ಲಿ ನನ್ನದೇ ದರ್ಬಾರು.

ಫೋನು ನೀನೇ ಆರಿಸು ಎಂದರೆ ಬೇರೆ ಯಾರಾದರೂ ಹಿಗ್ಗುತ್ತಿದ್ದರು. ನನಗೆ ಅದು ಬೇಡವಾಗಿತ್ತು. ಕಾರಣ, ನನಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಹೋಗಿ ಬಹಳ ಕಾಲವಾಗಿದೆ. ಬಲಗಿವಿಗೆ ಅರ್ಧ ಕೇಳುತ್ತದೆ, ಅದೂ ಎದುರಿನವರು ಗಂಟಲು ತೆರೆದರೆ. ಆಫೀಸಿನಲ್ಲಿ ಇದನ್ನು ಹೇಳಿರಲಿಲ್ಲ. ಮುಚ್ಚಿಟ್ಟೆ ಎಂದರೆ ನಾನು ಒಪ್ಪುವವಳಲ್ಲ; ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಅಷ್ಟೇ. ಕಿವುಡಿಯನ್ನು ಫೋನಿನ ಮುಂದೆ ಕೂರಿಸುವ ಧಣಿ ಯಾವ ಲೋಕದಲ್ಲಿದ್ದಾನೆ?

ಹಿಂದೆ ನಮ್ಮಲ್ಲಿ ಟೆಂಪೋ ಓಡಿಸುತ್ತಿದ್ದವನಿಗೆ ಕಣ್ಣು ಮಂಜಾಯಿತು. ನಮ್ಮ ಓನರು ಕೆಟ್ಟವರಲ್ಲ, ಕೆಲಸದಿಂದ ತೆಗೆಯಲಿಲ್ಲ. ಗೋಡೌನಿನ ಬಾಗಿಲಲ್ಲಿ ಒಂದು ಸ್ಟೂಲು ಹಾಕಿ ಕೂರಿಸಿದರು. ಊರೂರು ತಿರುಗಿದ ಮನುಷ್ಯ ಅಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಟೈಮೆಷ್ಟು ಎಂದು ಕೇಳುತ್ತಿದ್ದ. ಸಂಬಳ ಬರುತ್ತಿತ್ತು, ಆದರೆ ಅವನನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ನನಗೂ ಅದೇ ಗತಿ ಬಂದರೆ ಎಂಬ ಭಯ ಆ ದಿನದಿಂದಲೇ ಹೊಕ್ಕಿತ್ತು.

ಇಷ್ಟು ಕಾಲ ನಿಭಾಯಿಸಿದ್ದು ಹೇಗೆ ಎಂದರೆ, ನಮ್ಮ ಕಡೆಯ ಜನ ಫೋನಿನಲ್ಲಿ ಮಾತಾಡುವುದಿಲ್ಲ, ಕೂಗುತ್ತಾರೆ. ಹಾಗೆಂದು ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ನಾನು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸಿನಲ್ಲಿ, ಚಿನ್ನದ ಗಣಿಯ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಅಪ್ಪ ಗಣಿಯೊಳಗೆ ಬಂಡೆಗೆ ತೂತು ಹೊಡೆಯುವ ಡ್ರಿಲ್ ಹಿಡಿಯುತ್ತಿದ್ದವರು. ಆ ಸದ್ದಿಗೆ ಅವರ ಕಿವಿ ಹೋಗಿತ್ತು. ಪಕ್ಕದ ಮನೆಯವರದೂ ಹೋಗಿತ್ತು, ಎದುರು ಮನೆಯವರದೂ ಹೋಗಿತ್ತು. ಅವರಿಗೆ ಕೇಳಿಸಲೆಂದು ಹೆಂಡಂದಿರು ಕೂಗುತ್ತಿದ್ದರು, ಹೆಂಡಂದಿರನ್ನು ನೋಡಿ ನಾವು ಮಕ್ಕಳೂ ಕೂಗುತ್ತಿದ್ದೆವು. ಗುಟ್ಟಿನ ಮಾತೂ ಲೈನಿನ ಕೊನೆಯ ಮನೆಗೆ ತಲುಪುತ್ತಿತ್ತು. ಮನುಷ್ಯರ ಮಾತೆಂದರೆ ಇಷ್ಟು ಜೋರಿರುತ್ತದೆ ಎಂದೇ ನಾನು ತಿಳಿದವಳು. ಆದ್ದರಿಂದ ಕ್ಯಾಸಂಬಳ್ಳಿ ಕಡೆಯ ಹೆಂಗಸೊಬ್ಬಳು ಫೋನಿನಲ್ಲಿ "ಅಕ್ಕೋ! ಮೆಷಿನ್ ನಿಂತೋಯ್ತು ಕಣಕ್ಕೋ!" ಎಂದು ಕಿರುಚಿದರೆ ನನಗೇನೂ ವಿಶೇಷ ಅನ್ನಿಸುತ್ತಿರಲಿಲ್ಲ. ನಮ್ಮ ಆಫೀಸಿನಲ್ಲೂ ಎಲ್ಲರದೂ ಅದೇ ಗಂಟಲು. ಎಂದಾದರೂ ಮಾತು ತಪ್ಪಿದರೆ, "ಲೈನ್ ಸರಿ ಇಲ್ಲ, ಇನ್ನೊಂದ್ಸಲ ಏಳಿ," ಎನ್ನುತ್ತಿದ್ದೆ. ಹಳೆಯ ಲೈನು ಯಾವಾಗಲೂ ಕರಕರ ಅನ್ನುತ್ತಿದ್ದುದರಿಂದ ಯಾರೂ ಅನುಮಾನ ಪಡಲಿಲ್ಲ.

ಫೋನು ಮಾರುವವರೊಬ್ಬರು ಬೆಂಗಳೂರಿನಿಂದ ಬಂದರು. ಇಸ್ತ್ರಿ ಮುರಿಯದ ಅಂಗಿ, ಮೆತ್ತನೆಯ ಮಾತು. ಬೆಂಗಳೂರಿನವರ ಗಂಟಲಿನಲ್ಲಿ ಜೀವವೇ ಇರುವುದಿಲ್ಲ ಎಂದುಕೊಂಡು ನಾನು ಅವರ ತುಟಿಯನ್ನೇ ನೋಡುತ್ತಾ ಕೂತೆ. ಇಂಟರ್‌ನೆಟ್ಟಿನ ವಯರು ಫೋನಿಗೇ ಬರುತ್ತದಂತೆ, ಅದೇ ವಯರಿನಲ್ಲಿ ಕರೆಂಟೂ ಬರುತ್ತದಂತೆ. ಕರೆಂಟು ಹೋದರೆ ಫೋನೂ ಹೋಗುತ್ತದೆ, ಅದಕ್ಕೊಂದು ಯುಪಿಎಸ್ ಬೇಕು ಎಂದಾಗ ಓನರ ಮುಖ ಸಣ್ಣದಾಯಿತು. ಹಳೆಯ ಫೋನಿಗೆ ಇಂಥ ಕಾಯಿಲೆ ಇರಲಿಲ್ಲ.

ನನ್ನ ಮೇಜಿನ ಮೇಲೆ ಮೂರು ಸೆಟ್ಟು ಇಟ್ಟರು. ಒಂದು ಹಗುರವಾದದ್ದು, ಕೈಯಲ್ಲಿ ಹಿಡಿದರೆ ಆಟದ ಸಾಮಾನಿನಂತಿತ್ತು, ಎಲ್ಲಕ್ಕಿಂತ ಅಗ್ಗ. ಇನ್ನೊಂದಕ್ಕೆ ಬಣ್ಣದ ಪರದೆ, ಯಾರು ಮಾಡಿದರು ಎಂದು ಹೆಸರೇ ತೋರಿಸುತ್ತಿತ್ತು. ಮೂರನೆಯದು ನೋಡಲು ಚೆನ್ನಾಗಿರಲಿಲ್ಲ. ಅಂಕಿಗಳು ದಪ್ಪ, ಪಕ್ಕದಲ್ಲಿ ಸದ್ದು ಏರಿಸಿ ಇಳಿಸುವ ಒಂದು ತಿರುಗಣೆ, ಜೊತೆಗೆ ತಲೆಗೆ ಹಾಕಿಕೊಂಡು ಎರಡೂ ಕಿವಿಗೆ ಕೂರಿಸುವ ಹೆಡ್‌ಫೋನು. ಬೆಲೆ ಮಾತ್ರ ಎಲ್ಲಕ್ಕಿಂತ ಮೇಲೆ.

"ಮೇಡಂ, ಇನ್ಮೇಲೆ ನಿಮ್ಮ ಕಿವಿಗೆ ಕಷ್ಟವೇ ಇಲ್ಲ," ಎಂದರು ಅವರು. "ಆ ಕಡೆಯವರು ಎಷ್ಟೇ ಕಿರುಚಿದರೂ ಸೆಟ್ಟೇ ಅದನ್ನ ತಗ್ಗಿಸಿ ಹದವಾಗಿ ಕೊಡುತ್ತೆ."

ಅವರು ಅದನ್ನು ದೊಡ್ಡ ಅನುಕೂಲವೆಂದು ನಗುತ್ತಾ ಹೇಳಿದರು. ನಾನು ಬದುಕಿದ್ದೇ ಆ ಕಿರುಚಾಟದ ಮೇಲೆ. ಒಂದೊಂದನ್ನೂ ಎರಡು ದಿನ ಬಳಸಿ ನೋಡಿ, ಮುಂದಿನ ವಾರ ಬರುತ್ತೇನೆ ಎಂದು ಅವರು ಹೊರಟರು.

ಮೊದಲು ಅಗ್ಗದ್ದನ್ನು ಇಟ್ಟುಕೊಂಡೆ. ಅವರು ಹೇಳಿದ್ದು ನಿಜವೇ ಆಗಿತ್ತು. ಕೂಗುವವರ ದನಿ ಗೋಡೆಯಾಚೆ ಯಾರೋ ಮಾತಾಡಿದಂತೆ ಬರುತ್ತಿತ್ತು. ಕಿವಿಗೆ ಒತ್ತಿ ಹಿಡಿದೆ, ತಲೆ ಬಗ್ಗಿಸಿ ಹಿಡಿದೆ, ಅಂಗೈ ಅಡ್ಡ ಹಿಡಿದೆ. ಹಳೆಯ ಅಸ್ತ್ರ ತೆಗೆದು, "ಲೈನ್ ಸರಿ ಇಲ್ಲ," ಎಂದೆ. ಎದುರಿನ ಮೇಜಿನಿಂದ ಲೆಕ್ಕದ ಹುಡುಗಿ ತಲೆಯೆತ್ತಿ, "ಅಕ್ಕಾ, ಒಸಾ ಲೈನಲ್ವಾ, ನಂಗೆ ಗಂಟೆ ಒಡ್ದಂಗೆ ಕೇಳ್ತಾ ಅದೆ," ಎಂದಳು. ಅವಳ ಮೇಜಿಗೂ ಅಂಥದೇ ಒಂದು ಕೊಟ್ಟಿದ್ದರು. ನನಗಿದ್ದ ಒಂದೇ ನೆಪವೂ ಲೈನು ಸರಿಹೋದ ದಿನವೇ ಹೋಯಿತು.

ಬಣ್ಣದ ಪರದೆಯ ಫೋನಿನಲ್ಲಿ ಒಂದು ಹೊತ್ತು ಬಚಾವಾದೆ. ಹೆಸರು ಕಾಣುತ್ತದಲ್ಲ, ಊರು ಯಾವುದು ಎಂದು ನನಗೇ ಗೊತ್ತು, ಕೆಡುವುದಂತೂ ಯಾವಾಗಲೂ ಮೋಟರೋ ಪೈಪೋ ಎರಡರಲ್ಲಿ ಒಂದು. "ಆಯ್ತಮ್ಮಾ, ಕಳಿಸ್ತೀನಿ," ಎಂದು ಇಡುತ್ತಿದ್ದೆ. ಮಧ್ಯಾಹ್ನದ ಮೇಲೆ ಗೊತ್ತಿಲ್ಲದ ನಂಬರಿನಿಂದ ಒಂದು ಹೆಂಗಸಿನ ದನಿ ಬಂತು. ಮೆಷಿನ್ನಿನ ವಿಚಾರ ಎಂಬುದಷ್ಟೇ ತಿಳಿಯಿತು. ಊರು ಯಾವುದು ಎಂದು ಕೇಳಿದೆ, ಹೇಳಿದಳು; ಮತ್ತೆ ಕೇಳಿದೆ, ಮತ್ತೆ ಹೇಳಿದಳು. ಇನ್ನೊಮ್ಮೆ ಕೇಳಲು ನಾಚಿಕೆಯಾಗಿ, "ಸರಿ, ಬರ್ತಾರೆ," ಎಂದುಬಿಟ್ಟೆ. ಯಾರನ್ನು ಎಲ್ಲಿಗೆ ಕಳಿಸುವುದು? ಕೆಚ್ಚಲು ತುಂಬಿದ ಹಸುವನ್ನು ಕಟ್ಟಿಕೊಂಡು ಆಕೆ ಬಾಗಿಲಲ್ಲಿ ಕಾಯುತ್ತಿರುತ್ತಾಳಲ್ಲ ಎಂದು ಆ ನಂಬರನ್ನೇ ನೋಡುತ್ತಾ ಕೂತೆ. ಕಡೆಗೆ ಏನೋ ಸುಳ್ಳು ಹೇಳಿ ಲೆಕ್ಕದ ಹುಡುಗಿಯಿಂದ ಆ ನಂಬರಿಗೆ ತಿರುಗಿ ಮಾಡಿಸಿದೆ. ಅವಳು ಪಿಸುಮಾತಿನಷ್ಟು ಮೆಲ್ಲಗೆ ಎರಡು ಮಾತಾಡಿ, ಊರಿನ ಹೆಸರು ಬರೆದು ನನ್ನ ಮುಂದೆ ಇಟ್ಟಳು. ಅಷ್ಟು ಮೆಲ್ಲಗೆ ಮಾತಾಡಿಯೂ ಕೆಲಸ ಆಗುತ್ತದೆಯೇ ಎಂದು ನಾನು ಅವಳ ಮುಖ ನೋಡಿದೆ. ಅವಳಿಗೆ ಈ ಕುರ್ಚಿ ಕೊಟ್ಟರೆ ಓನರಿಗೆ ನಷ್ಟವೇನೂ ಇಲ್ಲ ಎಂದು ಆಗಲೇ ಹೊಳೆದದ್ದು.

ಮೂರನೆಯದನ್ನು ಸಿಟ್ಟಿನಲ್ಲೇ ಜೋಡಿಸಿದೆ. ಹೆಡ್‌ಫೋನು ಹಾಕಿಕೊಂಡಾಗ ಲೆಕ್ಕದ ಹುಡುಗಿ ನಕ್ಕಳು. ನಾನೂ ಕನ್ನಡಿಯಲ್ಲಿ ನೋಡಿಕೊಂಡಿದ್ದರೆ ನಗುತ್ತಿದ್ದೆನೇನೋ. ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದೆ. ಮೊದಲು ಬಂದ ಫೋನು ಹಳೆಯ ಗಿರಾಕಿಯದು. ಅವನು ಕೂಗಿದ, ಮಾತು ಒಡೆದು ಚೂರುಚೂರಾಗಿ ಕಿವಿಗೆ ಬಡಿಯಿತು, ಒಂದಕ್ಷರ ತಿಳಿಯಲಿಲ್ಲ. ಇದೂ ಅಷ್ಟೇ ಎಂದು ತೆಗೆದು ಬಿಸಾಡುವವಳಿದ್ದೆ. ಆಗ ಇನ್ನೊಂದು ಬಂತು. ಮೆಷಿನ್ನಿನ ಬೆಲೆ ವಿಚಾರಿಸುವ ಹೊಸಬ, ಸಾಧಾರಣವಾಗಿ ಮಾತಾಡಿದ. ಎಲ್ಲವೂ ಕೇಳಿಸಿತು. ಅವನ ಊರು, ಅವನ ಹಸು ಎಷ್ಟು, ಹಿಂದಿನಿಂದ ಅವನ ಹೆಂಡತಿ "ಸಬ್ಸಿಡಿ ಅದಾ ಕೇಳು" ಎಂದದ್ದು, ಎಲ್ಲೋ ಕೋಳಿ ಕೂಗಿದ್ದು. ಫೋನಿನಲ್ಲಿ ಕೋಳಿ ಕೂಗುವುದು ನನಗೆ ಎಂದೂ ಕೇಳಿಸಿರಲಿಲ್ಲ. ಅವನು ಇಟ್ಟ ಮೇಲೂ ನಾನು ಹೆಡ್‌ಫೋನು ತೆಗೆಯದೆ ಹಾಗೇ ಕೂತಿದ್ದೆ. ಬಹಳ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ.

ಆದರೆ ಓನರು ಮೊದಲೇ ಹೇಳಿದ್ದರು, ಯಾವುದಾದರೂ ಒಂದೇ ಮಾದರಿ, ಎಲ್ಲ ಮೇಜಿಗೂ ಅದೇ ಎಂದು. ಅಷ್ಟು ದುಬಾರಿಯದನ್ನು ಎಲ್ಲರಿಗೂ ಕೊಡಿಸುವಂತೆ ಒಪ್ಪಿಸುವುದು ಹೇಗೆ? ನನ್ನ ಕಿವಿಯ ವಿಚಾರ ಎತ್ತದೆ ಒಪ್ಪಿಸಬೇಕು. ರೈಲಿನಲ್ಲಿ ಕೂತು ಕಾರಣಗಳನ್ನು ಉರುಹೊಡೆದೆ. ದಪ್ಪ ಅಂಕಿ, ತಪ್ಪು ನಂಬರು ಒತ್ತುವುದಿಲ್ಲ. ಕೈ ಖಾಲಿ ಇರುತ್ತದೆ, ಬರೆದುಕೊಳ್ಳಬಹುದು. ಗಟ್ಟಿಮುಟ್ಟು, ಬಿದ್ದರೂ ಒಡೆಯುವುದಿಲ್ಲ.

ಬೆಂಗಳೂರಿನವರು ಮತ್ತೆ ಬಂದರು. ಈ ಸಲ ಅವರ ಗಂಟಲೂ ಚೆನ್ನಾಗಿ ತೆರೆದಿತ್ತು. ನಮ್ಮ ಕಡೆಯ ನೀರು ಕುಡಿದ ಮೇಲೆ ಮನುಷ್ಯ ಸರಿಯಾದ ಎಂದುಕೊಂಡೆ. ಓನರು ಕುರ್ಚಿ ಎಳೆದುಕೊಂಡು ನನ್ನೆದುರಿಗೇ ಕೂತರು. ಒಬ್ಬ ಮೆಕ್ಯಾನಿಕ್ಕು ಬಾಗಿಲಿಗೆ ಒರಗಿ ಟೀ ಕುಡಿಯುತ್ತಿದ್ದ.

"ಇದೇ ಬೇಕು," ಎಂದು ಮೂರನೆಯದರ ಮೇಲೆ ಕೈಯಿಟ್ಟು ನನ್ನ ಕಾರಣಗಳನ್ನು ಒಪ್ಪಿಸಿದೆ.

ಬೆಂಗಳೂರಿನವರು ಪ್ರಾಮಾಣಿಕ ಮನುಷ್ಯ, ಅದೇ ತೊಂದರೆಯಾಯಿತು. "ಹೆಡ್‌ಫೋನು ಅಗ್ಗದ್ದಕ್ಕೂ ಹಾಕಬಹುದು ಮೇಡಂ," ಎಂದರು. "ಬಿದ್ದರೆ ಮೂರೂ ಒಡೆಯುತ್ತೆ. ನಂಬರು ನೀವು ಒತ್ತೋದಕ್ಕಿಂತ ಬರೋ ಕಾಲ್‌ಗಳೇ ಜಾಸ್ತಿ ಅಲ್ವಾ?" ಆಮೇಲೆ ಮೂರನೆಯದನ್ನು ತೋರಿಸಿ ಹೇಳಿದರು: "ಇದು ಕಿವಿ ಮಂದ ಇರೋರಿಗೆ ಅಂತಲೇ ಮಾಡಿರೋದು. ಬೇರೆ ಸೆಟ್ಟುಗಳ ಹಾಗೆ ದನಿ ತಗ್ಗಿಸಲ್ಲ, ಎತ್ತಿ ಕೊಡುತ್ತೆ. ಆದರೆ ಆ ಕಡೆಯವರು ಕೂಗಬಾರದು, ಕೂಗಿದರೆ ಒಡೆಯುತ್ತೆ. ಸಾಧಾರಣವಾಗಿ ಮಾತಾಡಬೇಕು. ಬೇರೆಯವರಿಗೆ ಇದರ ಅಗತ್ಯ ಇಲ್ಲ."

ಓನರು ನನ್ನ ಮುಖವನ್ನೇ ನೋಡುತ್ತಿದ್ದರು. ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ. ಸಿಗಲಿಲ್ಲ ಎಂಬ ಸಿಟ್ಟಿಗೇ ಬಾಯಿ ತೆರೆಯಿತು.

"ನಂಗೆ ಕಿವಿ ಕೇಳ್ಸಲ್ಲ ಸಾರ್. ಇದಾದ್ರೆ ಕೇಳ್ಸ್ತದೆ. ಬೇಕಾದ್ರೆ ಕೊಡ್ಸಿ, ಇಲ್ದಿದ್ರೆ ಆ ಗೋಡೌನ್ ತಾವ ಕೂರ್ಸಿ!"

"ಗೊತ್ತಕ್ಕಾ," ಎಂದರು ಓನರು.

"ಏನ್ ಗೊತ್ತು?"

"ನಿಂಗೆ ಕಿವಿ ಕೇಳ್ಸಲ್ಲ ಅಂತ. ನಮ್ಮಪ್ಪನ ಕಾಲ್ದಿಂದ್ಲೂ ಗೊತ್ತು. ನೀನೇ ಏಳ್ಲಿ ಅಂತ ಸುಮ್ಕಿದ್ವಿ. ಅದುಕ್ಕೇ ಅಲ್ವಾ ಫೋನು ನೀನೇ ಆರಿಸು ಅಂದಿದ್ದು?"

"ಯಾರ್ ಏಳಿದ್ದು ನಿಮ್ಗೆ?"

ಬಾಗಿಲಲ್ಲಿದ್ದ ಮೆಕ್ಯಾನಿಕ್ಕು ಟೀ ಲೋಟ ಕೆಳಗಿಟ್ಟ. "ನಮ್ಗಿರ್ಲಿ ಅಕ್ಕಾ, ಗಿರಾಕಿಗಳ್ಗೆಲ್ಲಾ ಗೊತ್ತು," ಎಂದ. "ಮೆಷಿನ್ ಕೂರ್ಸಿದ್ ದಿನಾನೇ ಏಳ್ಬಿಡ್ತೀವಿ. ಪೈಪು ಬಿಸಿನೀರ್ನಾಗೆ ತೊಳೀರಿ, ಮೋಟ್ರು ಮೇಲೆ ನೀರು ಉಯ್ಯಬ್ಯಾಡಿ, ಆಫೀಸ್‌ಗೆ ಫೋನ್ ಮಾಡಿದ್ರೆ ಜೋರಾಗಿ ಮಾತಾಡಿ, ಅಕ್ಕಂಗೆ ಕಿವಿ ಮಂದ ಅಂತ."

ನಾನು ಎದ್ದು ಹೊರಗೆ ಹೋದೆ. ಟೀ ಅಂಗಡಿಯ ಮುಂದೆ ನಿಂತೆ, ಟೀ ಬೇಕೆಂದು ಹೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯವನ್ನು ನಾನೊಬ್ಬಳೇ ಗುಟ್ಟೆಂದು ಹೊತ್ತುಕೊಂಡು ತಿರುಗಿದ್ದೆ. ಲೈನ್ ಸರಿ ಇಲ್ಲ ಎಂದಾಗಲೆಲ್ಲ ಅವರು ಆ ಕಡೆ ಏನೆಂದುಕೊಂಡಿದ್ದಾರು? ಜೋರು ಗಂಟಲಿನ ಜನ ಎಂದು ಮನೆಯಲ್ಲಿ ಅವರನ್ನು ಅಣಕಿಸಿ ಎಷ್ಟು ಸಲ ನಕ್ಕಿದ್ದೇನೆ. ಕ್ಯಾಸಂಬಳ್ಳಿ ಕಡೆಯ ಆ ಹೆಂಗಸು ತನ್ನ ಮನೆಯಲ್ಲಿ ಗಂಡನ ಜೊತೆ, ಮೊಮ್ಮಕ್ಕಳ ಜೊತೆ, ಎಲ್ಲರಂತೆ ಮೆಲ್ಲಗೇ ಮಾತಾಡುವವಳಿರಬೇಕು. ಅವಮಾನದಿಂದ ಅತ್ತೆನೋ ಬೇರೆ ಯಾವುದರಿಂದಲೋ ಗೊತ್ತಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದೆ.

"ಗೊತ್ತಿದ್ದೂ ಯಾಕೆ ನನ್ನೇ ಕೂರ್ಸಿದ್ರಿ?" ಎಂದು ಓನರನ್ನು ಜಗಳಕ್ಕೆ ನಿಂತವಳಂತೆ ಕೇಳಿದೆ.

"ಇನ್ಯಾರ್ನ ಕೂರ್ಸೋದು? ಆ ಹುಡುಗಿ ಎತ್ತಿದ್ರೆ 'ಅಕ್ಕ ಇಲ್ವಾ' ಅಂತ ಕೇಳಿ ಇಟ್ಬಿಡ್ತಾರೆ," ಎಂದರು. ಆಮೇಲೆ ಬೆಂಗಳೂರಿನವರ ಕಡೆ ತಿರುಗಿ, ಅಕ್ಕನ ಮೇಜಿಗೆ ಇದು, ಮಿಕ್ಕ ಮೇಜಿಗೆಲ್ಲ ಅಗ್ಗದ್ದು ಎಂದು ಹೇಳಿ, ಯುಪಿಎಸ್ಸಿನ ಬೆಲೆ ಇಳಿಸಲು ಶುರುಮಾಡಿದರು.

ಆದರೆ ಫೋನು ಬಂದರೆ ಮುಗಿಯಿತೇ? ಆ ಕಡೆಯವರು ಕೂಗುವುದನ್ನು ನಿಲ್ಲಿಸದಿದ್ದರೆ ಆ ಫೋನು ನನಗೆ ದಂಡ. ನಿಲ್ಲಿಸಿ ಎಂದು ಹೇಳಬೇಕಾದವಳು ನಾನೇ. ಮೆಕ್ಯಾನಿಕ್‌ಗಳಿಂದ ಹೇಳಿಸುತ್ತೇನೆ ಎಂದು ಓನರು ಅಂದರು. ಬೇಡ, ನಾನೇ ಹೇಳುತ್ತೇನೆ ಎಂದೆ. ಜಂಬದಲ್ಲಿ ಹೇಳಿಬಿಟ್ಟೆ. ನನಗೆ ಕಿವಿ ಕೇಳುವುದಿಲ್ಲ ಎಂಬ ಮಾತನ್ನು ಓನರ ಮುಂದೆ ಒಮ್ಮೆ ಹೇಳಿದ್ದಾಯಿತು, ಇನ್ನು ಸುತ್ತಲ ಊರಿನವರಿಗೆಲ್ಲ ಒಬ್ಬೊಬ್ಬರಿಗೇ ಹೇಳಬೇಕಿತ್ತು.

ಹೊಸ ಫೋನು ಕೂರಿಸಿದ ಮೊದಲ ಬೆಳಿಗ್ಗೆ ಬಂದದ್ದು ಅದೇ ಕ್ಯಾಸಂಬಳ್ಳಿ ಕಡೆಯ ಹೆಂಗಸಿನ ಫೋನು.

"ಅಲೋ! ಅಕ್ಕೋ!" ದನಿ ಒಡೆದು ಕಿವಿ ತುಂಬಾ ಚೂರುಚೂರಾಯಿತು.

"ಅಮ್ಮಾ," ಎಂದೆ. "ಮೆಲ್ಲಗೆ ಮಾತಾಡಮ್ಮಾ. ನಂಗೆ ಕಿವಿ ಕೇಳ್ತಿರ್ಲಿಲ್ಲ. ಈಗ ಒಸಾ ಫೋನ್ ಕೊಡ್ಸವ್ರೆ. ಮೆಲ್ಲಗೆ ಮಾತಾಡಿದ್ರೂ ಕೇಳ್ಸ್ತದೆ."

ಆಮೇಲೆ ಒಂದು ತೆಳುವಾದ, ವಯಸ್ಸಾದ ದನಿ ಬಂತು. ಇಷ್ಟು ವರ್ಷ ನಾನು ಮಾತಾಡಿಸುತ್ತಿದ್ದವಳ ದನಿ ಅದೆಂದು ನನಗೆ ಗುರುತೇ ಸಿಗಲಿಲ್ಲ.

"ಇಂಗ್ ಮಾತಾಡಿದ್ರೂ ಕೇಳ್ಸ್ತದಾ?"

"ಕೇಳ್ಸ್ತದಮ್ಮಾ."

"ಸದ್ಯ ಬುಡು ತಾಯಿ. ಕೊಟ್ಗೇಲಿ ನಿಂತ್ಕಂಡು ಕೂಗಿದ್ರೆ ಅಸ ಬೆದರ್ತದೆ. ಅದುಕ್ಕೇ ಅತ್ಲಾಗೆ ರೋಡಿಗೆ ಬಂದು ನಿಂಗೆ ಫೋನ್ ಮಾಡ್ತಿದ್ದೆ."

"ಈಗೆಲ್ಲಿದ್ದೀಯಮ್ಮಾ?" ಎಂದೆ.

"ರೋಡ್ನಾಗೇ ಇವ್ನಿ," ಎಂದಳು. "ತಡಿ, ಒಳಕ್ ಓಗಿ ಮಾತಾಡ್ತೀನಿ."